ಅಲಾಸ್ಕಾದ ನಿವಾಸಿಗೆ ಕರಡಿ ಬೇಟೆ: ಗೈಡ್ ಬೇಕೇ, ವಿಮಾನ ಸಾಕೇ?

ಆಂಕರೇಜ್‌ಗೆ ಬಂದು ವರ್ಷ ತುಂಬಿದ ಮೇಲೆ, ಇಲ್ಲಿರುವ ಬೆರಳೆಣಿಕೆಯ ಕನ್ನಡಿಗರಲ್ಲಿ ಬೇಟೆಯ ಹುಚ್ಚು ಹತ್ತಿದ ಒಬ್ಬರಾದರೂ ನನಗೆ ಫೋನು ಮಾಡಿ ಕೇಳುತ್ತಾರೆ: “ಕರಡಿ ಬೇಟೆಗೆ ಒಳ್ಳೆಯ ಗೈಡ್ ಯಾರಿದ್ದಾರೆ?” ನಾನು ತಿರುಗಿ ಕೇಳುತ್ತೇನೆ: “ನಿಮಗೆ ಗೈಡ್ ಏಕೆ ಬೇಕು?” ಆ ಕಡೆ ಮೌನ. ಏಕೆಂದರೆ ಅವರು ಓದಿರುವುದೆಲ್ಲ ಟೆಕ್ಸಾಸಿನಿಂದಲೋ ಜರ್ಮನಿಯಿಂದಲೋ ಬರುವವರಿಗಾಗಿ ಬರೆದದ್ದು. ಅವರಿಗೆ ಗೈಡ್ ಎಂಬುದು ಕಾನೂನಿನ ಕಡ್ಡಾಯ. ಇಲ್ಲಿಯ ನಿವಾಸಿಗೆ ಅದು ಕೊಂಡರೆ ಕೊಳ್ಳಬಹುದಾದ, ಬಿಟ್ಟರೆ ಬಿಡಬಹುದಾದ ಸರಕು. ಈ ಒಂದು ವ್ಯತ್ಯಾಸ ತಿಳಿಯದೆ 20,000 ಡಾಲರಿನ ಮಾತುಕತೆಗೆ ಕುಳಿತವರನ್ನು ಕಂಡಿದ್ದೇನೆ.

ಮೊದಲು ಕಾನೂನು, ಚುಟುಕಾಗಿ. ಹೊರರಾಜ್ಯದ ಅಮೆರಿಕನ್ ಪ್ರಜೆ ಕಂದು ಕರಡಿ, ಡಾಲ್ ಎಂಬ ಕಾಡುಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಹೋಗುವಾಗ ಜೊತೆಗೆ ಪರವಾನಗಿ ಪಡೆದ ಗೈಡ್ ಇರಬೇಕು, ಇಲ್ಲವೇ 19 ವರ್ಷ ತುಂಬಿದ, ಅಲಾಸ್ಕಾ ನಿವಾಸಿಯಾದ ಹತ್ತಿರದ ಸಂಬಂಧಿ ಇರಬೇಕು. ಕಪ್ಪು ಕರಡಿಗೆ ಅವನಿಗೂ ಗೈಡ್ ಬೇಕಿಲ್ಲ. ಅಲಾಸ್ಕಾದ ನಿವಾಸಿಯಲ್ಲದ ವಿದೇಶಿ ಪ್ರಜೆಗೆ ಮಾತ್ರ ಯಾವ ದೊಡ್ಡ ಪ್ರಾಣಿಗೂ ಗೈಡ್ ಇಲ್ಲದೆ ಆಗದು. ನಿವಾಸಿಗೆ ಇದಾವುದೂ ಅನ್ವಯಿಸುವುದಿಲ್ಲ.

ನಿವಾಸಿ ಎಂದರೆ ಯಾರು? ಇಲ್ಲೇ ನೆಲೆಸುವ ಉದ್ದೇಶದಿಂದ ಸತತ 12 ತಿಂಗಳು ಇಲ್ಲಿ ಮನೆಮಾಡಿಕೊಂಡಿದ್ದು, ಬೇರೆಲ್ಲೂ ನಿವಾಸಿಯ ಸವಲತ್ತು ಪಡೆಯದವರು. ಪೌರತ್ವ ಕೇಳುವುದಿಲ್ಲ. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಇಲ್ಲಿ ಒಂದು ಗಂಟನ್ನು ಗಮನಿಸಬೇಕು: ವಲಸೆಯೇತರ ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲೊಂದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅಲಾಸ್ಕಾದ ವಾರ್ಷಿಕ ಪರವಾನಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜನವರಿ 1ರ ಬೆಳಿಗ್ಗೆ ಹೊಸದನ್ನು ಪಡೆಯದೆ ಬಂದೂಕು ಕಪಾಟಿನಲ್ಲಿದ್ದರೆ, ವಿನಾಯಿತಿಯ ನೆಲ ನಿಮ್ಮ ಕಾಲಡಿಯಲ್ಲಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಉಳಿದವರು ಬಂದೂಕಿನ ಅಂಗಡಿಗೆ ಹೋಗುವ ಮುನ್ನ ವಲಸೆ ವಕೀಲರಿಗೆ ಒಂದು ಗಂಟೆಯ ಶುಲ್ಕ ಕೊಡುವುದು ಲೇಸು.

ಇನ್ನು ಖರ್ಚು. ನಿವಾಸಿಯ ಬೇಟೆ ಪರವಾನಗಿ 45 ಡಾಲರ್. ಕಂದು ಕರಡಿಯ ಟ್ಯಾಗ್, ಅಂದರೆ ಅದನ್ನು ಹೊಡೆಯಲು ಪರವಾನಗಿಯ ಮೇಲೆ ಕೊಳ್ಳಬೇಕಾದ ಗುರುತುಪಟ್ಟಿ, 25 ಡಾಲರ್. ಬೇಟೆಗೆಂದು ರಾಜ್ಯವನ್ನು ವಿಂಗಡಿಸಿದ ಯೂನಿಟ್‌ಗಳಲ್ಲಿ ಹಲವೆಡೆ ಅದೂ ಮನ್ನಾ. ಹೊರರಾಜ್ಯದವನಿಗೆ ಅದೇ ಟ್ಯಾಗ್ 1,000 ಡಾಲರ್. ಅಂದರೆ ಸರ್ಕಾರ ನಿಮಗೆ ಕರಡಿಯನ್ನು ಹೆಚ್ಚುಕಡಿಮೆ ಬಿಟ್ಟಿಯಾಗಿ ಕೊಟ್ಟಿದೆ. ಉಳಿದ ಹಣವೆಲ್ಲ ಹೋಗುವುದು ಮೂರು ಬಾಬತ್ತಿಗೆ: ಅಲ್ಲಿಗೆ ತಲುಪಲು, ನೋಡಿದ್ದನ್ನು ಸರಿಯಾಗಿ ಗುರುತಿಸಲು, ಹೊಡೆದದ್ದನ್ನು ಹೊತ್ತು ತರಲು. ನಿಮ್ಮಲ್ಲಿ ಈ ಮೂರರಲ್ಲಿ ಯಾವುದಿಲ್ಲವೋ ಅದಕ್ಕಷ್ಟೇ ದುಡ್ಡು ಕೊಡಿ ಎಂಬುದು ನನ್ನ ವಾದ. ಕೆಳಗಿನ ಹೋಲಿಕೆಯೆಲ್ಲ ಇದೇ ಗೂಟದ ಸುತ್ತ ಸುತ್ತುತ್ತದೆ.

ಪೂರ್ತಿ ಗೈಡ್

ಅಲಾಸ್ಕಾದಲ್ಲಿ “ನಾನು ಔಟ್‌ಫಿಟರ್” (ಬೇಟೆಗೆ ಶಿಬಿರ, ಸಾಮಾನು ಒದಗಿಸುವವನು) ಎಂದು ಯಾರು ಬೇಕಾದರೂ ಫಲಕ ಹಾಕಿಕೊಳ್ಳುವಂತಿಲ್ಲ. ಬಿಗ್ ಗೇಮ್ ಕಮರ್ಷಿಯಲ್ ಸರ್ವಿಸಸ್ ಬೋರ್ಡ್ ಎಂಬ ರಾಜ್ಯ ಮಂಡಳಿ ಪರವಾನಗಿ ಕೊಡುತ್ತದೆ. ಬೇಟೆಯ ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ರಿಜಿಸ್ಟರ್ಡ್ ಗೈಡ್-ಔಟ್‌ಫಿಟರ್‌ಗೆ, ಮತ್ತು ಅವರಲ್ಲೇ ಹಿರಿಯರಾದ ಮಾಸ್ಟರ್ ಗೈಡ್‌ಗೆ. ಅಸಿಸ್ಟೆಂಟ್ ಗೈಡ್ ನಿಮ್ಮ ಜೊತೆ ಹತ್ತು ದಿನ ನಡೆದಾನು, ಆದರೆ ನಿಮ್ಮೊಡನೆ ನೇರವಾಗಿ ವ್ಯವಹಾರ ಕುದುರಿಸುವಂತಿಲ್ಲ. ಹಾಗೆ ಮುಂದೆ ಬಂದವನನ್ನು ಅಲ್ಲೇ ಬಿಟ್ಟುಬಿಡಿ.

ಕಂದು ಕರಡಿಯ ಗೈಡ್ ಬೇಟೆ 20,000 ಡಾಲರ್ ದಾಟುವುದು ಸಾಮಾನ್ಯ. ಅಲಾಸ್ಕಾ ಪರ್ಯಾಯದ್ವೀಪ, ಕೋಡಿಯಾಕ್ ದ್ವೀಪಗಳಲ್ಲಿ ಅದಕ್ಕಿಂತ ಸಾಕಷ್ಟು ಮೇಲೆ. ಈ ದರ ನಿಶ್ಚಯವಾಗಿರುವುದು ಬೇರೆ ದಾರಿಯೇ ಇಲ್ಲದ ಹೊರಗಿನವರನ್ನು ಗಮನದಲ್ಲಿಟ್ಟುಕೊಂಡು. ನಿವಾಸಿಗೆ ಚೌಕಾಸಿಯ ಜಾಗ ಒಂದೇ ಕಡೆ ಸಿಗುತ್ತದೆ: ಹೊರಗಿನ ಗಿರಾಕಿ ಕೊನೆ ಗಳಿಗೆಯಲ್ಲಿ ಕೈಕೊಟ್ಟಾಗ. ಶಿಬಿರ ಸಿದ್ಧವಾಗಿದೆ, ಅಡುಗೆಯವನಿಗೆ ಸಂಬಳ ಗೊತ್ತಾಗಿದೆ, ಹಾಸಿಗೆ ಖಾಲಿ. ಎರಡು ದಿನದಲ್ಲಿ ಚೀಲ ಕಟ್ಟಿ ಹೊರಡಬಲ್ಲ ಆಂಕರೇಜಿನವನು ಆಗ ಗೈಡ್‌ಗೆ ಬೇಕಾದವನಾಗುತ್ತಾನೆ. ಮೊದಲೇ ಅರ್ಜಿ ಹಾಕಿ ಲಾಟರಿಯಲ್ಲಿ ಪರ್ಮಿಟ್ ಪಡೆಯಬೇಕಾದ ಪ್ರದೇಶಗಳಲ್ಲಿ ಈ ಉಪಾಯ ನಡೆಯದು. ಸಾಮಾನ್ಯ ಋತುವಿನ ಪ್ರದೇಶಗಳಲ್ಲಿ ನಡೆಯುತ್ತದೆ. ಇಬ್ಬರು ಮೂವರು ಗೈಡ್‌ಗಳಿಗೆ ಮೊದಲೇ ಹೆಸರು, ನಂಬರು ಕೊಟ್ಟಿಟ್ಟರೆ ಕಳೆದುಕೊಳ್ಳುವುದೇನಿಲ್ಲ.

ಗೈಡ್‌ಗಳನ್ನು ಒಬ್ಬರೊಡನೊಬ್ಬರನ್ನು ತೂಗುವಾಗ ಗೋಡೆಯ ಮೇಲಿನ ಚರ್ಮದ ಫೋಟೊಗಳನ್ನು ಮರೆತುಬಿಡಿ. ಕೇಳಬೇಕಾದ ಮೊದಲ ಪ್ರಶ್ನೆ ನೆಲದ್ದು. ಒಬ್ಬ ಗೈಡ್ ಸಂಖ್ಯೆ ಕೊಟ್ಟು ಗುರುತಿಸಿದ ಗೈಡ್ ಪ್ರದೇಶಗಳಲ್ಲಿ ಗರಿಷ್ಠ ಮೂರರಲ್ಲಿ ಮಾತ್ರ ನೋಂದಾಯಿಸಿಕೊಳ್ಳಬಹುದು. ಆ ಸಂಖ್ಯೆಗಳನ್ನು ಕೇಳಿ, ನಕಾಶೆಯಲ್ಲಿ ನೋಡಿ, ಅದು ಯಾರ ಜಮೀನು ಎಂದು ಪತ್ತೆಮಾಡಿ. ಕೇಂದ್ರದ ವನ್ಯಜೀವಿ ಆಶ್ರಯತಾಣಗಳಲ್ಲಿ ಸ್ಪರ್ಧೆಯ ಮೂಲಕ ಗೈಡ್‌ಗಳನ್ನು ಆರಿಸಿ ಪ್ರದೇಶ ಹಂಚುತ್ತಾರೆ. ಅಲ್ಲಿ ನಿಮ್ಮ ಗೈಡ್‌ಗೆ ಪೈಪೋಟಿ ಕಡಿಮೆ. ರಾಜ್ಯದ ಜಮೀನಿನ ಕಥೆ ಬೇರೆ. 1988ರಲ್ಲಿ ಅಲಾಸ್ಕಾದ ಸುಪ್ರೀಂ ಕೋರ್ಟ್ ಗೈಡ್‌ಗಳಿಗೆ ಏಕಸ್ವಾಮ್ಯದ ಪ್ರದೇಶ ಕೊಡುವ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಅಂದಿನಿಂದ ರಾಜ್ಯದ ಜಮೀನಿನಲ್ಲಿ ಒಂದೇ ಕಣಿವೆಗೆ ಮೂರು ಶಿಬಿರ ಬಿದ್ದರೂ ಕೇಳುವವರಿಲ್ಲ. ಹಣ ಅಷ್ಟೇ, ಕಣಿವೆ ಮಾತ್ರ ಸಂತೆ.

ಎರಡನೆಯ ಪ್ರಶ್ನೆ: “ನನ್ನ ಜೊತೆ ಗುಡ್ಡ ಹತ್ತುವವರು ನೀವೋ, ಬೇರೆಯವರೋ?” ದೊಡ್ಡ ಹೆಸರಿನವರು ಹಲವು ಶಿಬಿರ ನಡೆಸುತ್ತಾರೆ, ನಿಮ್ಮ ಪಾಲಿಗೆ ಬರುವವನು ಎರಡನೆಯ ಋತುವಿನ ಹುಡುಗನಿರಬಹುದು. ಅದು ಕೆಟ್ಟದ್ದೇ ಆಗಬೇಕಿಲ್ಲ, ಆದರೆ ಒಪ್ಪಂದದಲ್ಲಿ ಹೆಸರಿರಲಿ. ಮೂರನೆಯದು, ಹವಾಮಾನದಿಂದ ಕಳೆದುಹೋದ ದಿನಗಳ ಲೆಕ್ಕ ಯಾರದ್ದು. ನಾಲ್ಕನೆಯದು ನನಗೆ ಬಹಳ ಇಷ್ಟ: “ಕಳೆದ ಋತುವಿನಲ್ಲಿ ಕರಡಿ ಹೊಡೆಯದೆ ಮನೆಗೆ ಹೋದವರ ಫೋನ್ ನಂಬರ್ ಕೊಡುತ್ತೀರಾ?” ಗೆದ್ದವರು ಎಲ್ಲರನ್ನೂ ಹೊಗಳುತ್ತಾರೆ. ಬರಿಗೈಯಲ್ಲಿ ಹೋಗಿಯೂ ಗೈಡ್‌ನ ಬಗ್ಗೆ ಒಳ್ಳೆಯ ಮಾತಾಡುವವನು ಸಿಕ್ಕಿದರೆ ಆ ಗೈಡ್‌ನನ್ನು ಹಿಡಿದುಕೊಳ್ಳಿ. ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ರಾಜ್ಯದ ಪರವಾನಗಿ ವಿಭಾಗದ ಜಾಲತಾಣದಲ್ಲಿ ಎರಡು ನಿಮಿಷದ ಕೆಲಸ.

ಟ್ರಾನ್ಸ್‌ಪೋರ್ಟರ್ ಮತ್ತು ಏರ್ ಟ್ಯಾಕ್ಸಿ

ನಿವಾಸಿಗಳಲ್ಲಿ ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ. ಟ್ರಾನ್ಸ್‌ಪೋರ್ಟರ್ ಎಂದರೆ ನಿಮ್ಮನ್ನು, ನಿಮ್ಮ ಸಾಮಾನನ್ನು, ಆಮೇಲೆ ಚರ್ಮ ಮಾಂಸವನ್ನು ಸಾಗಿಸಲು ಪರವಾನಗಿ ಪಡೆದವನು. ಖರ್ಚು ಕೆಲವು ಸಾವಿರ ಡಾಲರ್, ಜೊತೆಗಾರರಿದ್ದರೆ ಹಂಚಿಕೆ. ಅವನು ಮಾಡಬಾರದ ಕೆಲಸಗಳ ಪಟ್ಟಿಯೇ ಮುಖ್ಯ. ಕರಡಿಯ ಜಾಡು ತೋರಿಸುವಂತಿಲ್ಲ, ನಿಮ್ಮೊಡನೆ ಹೊಂಚು ಹಾಕುವಂತಿಲ್ಲ, ಚರ್ಮ ಸುಲಿಯಲು ಕೈಹಾಕುವಂತಿಲ್ಲ, ಕಾಡಿನಲ್ಲಿ ಡೇರೆ ಹಾಕಿ ಶಿಬಿರ ನಡೆಸುವಂತಿಲ್ಲ. ತನ್ನದೇ ಕಾಯಂ ಲಾಡ್ಜ್ ಅಥವಾ ಸಮುದ್ರದಲ್ಲಿ ಮಲಗುವ ವ್ಯವಸ್ಥೆಯಿರುವ ದೋಣಿ ಇದ್ದರೆ ಅಲ್ಲಿ ಇಳಿಸಿಕೊಳ್ಳಬಹುದು. “ನಮ್ಮ ಹುಡುಗ ಜೊತೆಗೆ ಬಂದು ಸ್ವಲ್ಪ ತೋರಿಸುತ್ತಾನೆ” ಎಂದು ಫೋನಿನಲ್ಲಿ ಪಿಸುಗುಟ್ಟುವ ಟ್ರಾನ್ಸ್‌ಪೋರ್ಟರ್ ಕಾನೂನು ಮುರಿಯಲು ನಿಮ್ಮನ್ನೂ ಕರೆಯುತ್ತಿದ್ದಾನೆ.

ಏರ್ ಟ್ಯಾಕ್ಸಿ ಇನ್ನೂ ಅಗ್ಗ. ಬೇಟೆಗಾರರಿಗೆಂದು ಜಾಹೀರಾತು ಕೊಡದೆ, ಎಲ್ಲರಿಂದ ಪಡೆಯುವ ದರವನ್ನೇ ಪಡೆದು ಸಾಗಿಸುವ ಸಣ್ಣ ವಿಮಾನಗಳು. ಅವರಿಗೆ ನೀವು ಬೇಟೆಗಾರರೋ ಭೂವಿಜ್ಞಾನಿಯೋ ಎಲ್ಲ ಒಂದೇ. ಎಲ್ಲಿ ಇಳಿಯಬೇಕೆಂದು ನೀವೇ ಹೇಳಬೇಕು. ಆ ಜಾಗ ಗೊತ್ತಿಲ್ಲದವನಿಗೆ ಅಗ್ಗದ ಟಿಕೆಟ್ ದುಬಾರಿಯೇ.

ಎರಡರಲ್ಲೂ ಒಂದು ನಿಯಮ ನಿಮ್ಮನ್ನು ಕಾಯಿಸುತ್ತದೆ. ಸಣ್ಣ ವಿಮಾನದಲ್ಲಿ ಹಾರಿದ ದಿನ ಬೇಟೆಯಾಡುವಂತಿಲ್ಲ. ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಬಂದೂಕು ಚೀಲದಲ್ಲೇ. ಮೇಲಿನಿಂದ ಕರಡಿ ನೋಡಿ, ಪಕ್ಕದಲ್ಲೇ ಇಳಿದು ಹೊಡೆಯುವ ಹಳೆಯ ಚಾಳಿಗೆ ಹಾಕಿದ ಬೇಲಿ ಇದು.

ನಾನು ಮೊದಲು ಹೋದದ್ದು ಹೀಗೇ, ಸಹೋದ್ಯೋಗಿಯೊಬ್ಬರೊಡನೆ, ಮೇ ತಿಂಗಳಲ್ಲಿ. ಟ್ರಾನ್ಸ್‌ಪೋರ್ಟರ್ ಹೆಸರು ಬೇಡ. ನದಿಯ ಜಲ್ಲಿದಿಬ್ಬದ ಮೇಲೆ ನಮ್ಮನ್ನಿಳಿಸಿ, ಏಳು ದಿನಕ್ಕೆ ಬರುತ್ತೇನೆಂದು ಹಾರಿಹೋದ. ಮೂರನೆಯ ಸಂಜೆ, ಸುಮಾರು 300 ಗಜ ದೂರದಲ್ಲಿ ಆಲ್ಡರ್ ಪೊದೆಗಳ ಅಂಚಿನಿಂದ ಒಂದು ಕಂದು ಕರಡಿ ಹೊರಬಂತು. ಅಗಲವಾದ ಬೆನ್ನು, ಒದ್ದೆ ಹುಲ್ಲಿನ ಬಣ್ಣದ ಮೈ, ತಲೆ ತಗ್ಗಿಸಿ ಬೇರು ಕೆದಕುತ್ತಿತ್ತು. ಗೆಳೆಯರು ಪಿಸುಗುಟ್ಟಿದರು: “ಗಂಡು.” ನನಗೂ ಹಾಗೆಯೇ ಕಂಡಿತು. ಓದಿದ್ದನ್ನು ನೆನಪಿಸಿಕೊಂಡೆವು: ವಯಸ್ಸಾದ ಗಂಡಿನ ತಲೆ ಅಗಲ, ಕಿವಿಗಳು ಚಿಕ್ಕದಾಗಿ, ದೂರದೂರ ಕಾಣುತ್ತವೆ, ನಡಿಗೆಯಲ್ಲಿ ಮುಂಭಾಗದ ಭಾರ ತೂಗುತ್ತದೆ. ದುರ್ಬೀನಿನಲ್ಲಿ ನೋಡಿದಷ್ಟೂ ಕಿವಿ ಒಮ್ಮೆ ಚಿಕ್ಕದಾಗಿ, ಒಮ್ಮೆ ದೊಡ್ಡದಾಗಿ ಕಂಡಿತು. ಅರ್ಧ ಗಂಟೆ ಅಳೆದೂ ಸುರಿದೂ ಕುಳಿತೆವು. ಆಮೇಲೆ ಪೊದೆ ಅಲುಗಿತು. ಒಂದರ ಹಿಂದೊಂದು ಎರಡು ಮರಿಗಳು ಉರುಳಿಕೊಂಡು ಹೊರಬಂದವು. ಮರಿಗಳಿರುವ ತಾಯಿಯನ್ನಾಗಲಿ, ಮರಿಗಳನ್ನಾಗಲಿ ಹೊಡೆಯುವುದು ಅಪರಾಧ. ಗೆಳೆಯರು ಬಂದೂಕಿನಿಂದ ತೋಟಾ ತೆಗೆದರು. ಅವರ ಬೆರಳು ನಡುಗುತ್ತಿತ್ತು. ಗೈಡ್‌ಗೆ ಕೊಡುವ ಹಣ ಯಾವುದಕ್ಕೆ ಎಂಬುದು ನನಗೆ ಅರ್ಥವಾದದ್ದು ಆ ಅರ್ಧ ಗಂಟೆಯಲ್ಲಿ.

ಏಳನೆಯ ದಿನ ವಿಮಾನ ಬರಲಿಲ್ಲ. ಮಂಜು. ಎಂಟನೆಯ ದಿನವೂ ಇಲ್ಲ. ಉಪಗ್ರಹ ಸಂದೇಶಕ್ಕೆ ಉತ್ತರವೂ ಇಲ್ಲ. ಅದಕ್ಕೆ ಮಂಜನ್ನು ದೂರುವಂತಿಲ್ಲ. ಹತ್ತನೆಯ ದಿನ ಬಂದಾಗ ನಮ್ಮಲ್ಲಿ ಉಳಿದದ್ದು ಅರ್ಧ ಡಬ್ಬಿ ಅವಲಕ್ಕಿ, ಉಪ್ಪಿನಕಾಯಿ. ಟ್ರಾನ್ಸ್‌ಪೋರ್ಟರ್‌ಗಳನ್ನು ಹೋಲಿಸುವಾಗ ದರ ಕೊನೆಗೆ ಕೇಳಿ. ಮೊದಲು ಕೇಳಬೇಕಾದದ್ದು: ಒಂದೇ ವಿಮಾನವೋ ಎರಡೋ, ಸಂದೇಶ ನೋಡುವವರು ಯಾರು, ತಡವಾದರೆ ಸರದಿ ಹೇಗೆ, ಚರ್ಮ ತರಲು ಹೆಚ್ಚುವರಿ ಹಾರಾಟ ಬೇಕಾದರೆ ಎಷ್ಟು. ದೊಡ್ಡ ಕಂದು ಕರಡಿಯ ಹಸಿ ಚರ್ಮ, ತಲೆಬುರುಡೆ ಸೇರಿ 100 ಪೌಂಡ್ ಮೀರುವುದುಂಟು. ಅದನ್ನು ದಿಬ್ಬದವರೆಗೆ ಹೊತ್ತು ತರುವುದು ನಿಮ್ಮ ಬೆನ್ನು.

ಗೆಳೆಯ, ಅಥವಾ ಒಬ್ಬಂಟಿ

ಅನುಭವಿ ಗೆಳೆಯನಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಪೆಟ್ರೋಲು, ಊಟ, ವಿಮಾನದ ಖರ್ಚು ಹಂಚಿಕೊಳ್ಳಿ, ಅಷ್ಟೇ. ಅವನಿಗೆ ಕೂಲಿ ಕೊಟ್ಟರೆ ಅದು ಪರವಾನಗಿಯಿಲ್ಲದ ಗೈಡ್ ಕೆಲಸವಾಗುತ್ತದೆ. ಒಬ್ಬಂಟಿಯಾಗಿ ಮೊದಲ ಕಂದು ಕರಡಿಗೆ ಹೋಗುವವರಿಗೆ ನನ್ನ ಸಲಹೆ ಒಂದೇ ಪದದಲ್ಲಿದೆ: ಬೇಡ.

ಬಂದೂಕಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಗೈಡ್ ಇಲ್ಲದೆ ಉಳಿಸಿದ ಹಣವನ್ನು ಜನ ಇದರಲ್ಲಿ ಸುರಿಯುತ್ತಾರೆ. .375 ಎಚ್ ಆಂಡ್ ಎಚ್ ಎಂಬ ಭಾರೀ ತೋಟಾದ ಬಂದೂಕು ಕೊಂಡು, ಅದರ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಹೊಡೆಯುವವರಿಗಿಂತ, ಭಾರವಾದ ಒಳ್ಳೆಯ ಗುಂಡು ಹಾಕಿದ ಸಾಧಾರಣ .30-06 ಬಂದೂಕನ್ನು ವರ್ಷವಿಡೀ ಅಭ್ಯಾಸ ಮಾಡಿದವನು ಮೇಲು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಡ.

ಕೋಡಿಯಾಕ್ ಎಂಬ ಆಸೆ

ಎಲ್ಲರ ಕಣ್ಣೂ ಆ ದ್ವೀಪದ ಮೇಲೆ. ಅಲ್ಲಿನ ಕರಡಿಗಳ ಸಂಖ್ಯೆಯನ್ನು ರಾಜ್ಯದ ಮೀನು ಮತ್ತು ಬೇಟೆ ಇಲಾಖೆ ಸುಮಾರು 3,500 ಎನ್ನುತ್ತದೆ; ಜಗತ್ತಿನ ಅತಿ ದೊಡ್ಡ ಕರಡಿಗಳ ಸಾಲಿನವು. ಬಹುತೇಕ ಬೇಟೆಗಳು ಲಾಟರಿಯಲ್ಲಿ. ನವೆಂಬರ್ 1ರಿಂದ ಡಿಸೆಂಬರ್ 15ರೊಳಗೆ ಅರ್ಜಿ, ಫೆಬ್ರುವರಿಯಲ್ಲಿ ಫಲಿತಾಂಶ. ವಸಂತದ ಋತು ಏಪ್ರಿಲ್ 1ರಿಂದ ಮೇ 15, ಶರತ್ಕಾಲದ್ದು ಅಕ್ಟೋಬರ್ 25ರಿಂದ ನವೆಂಬರ್ 30. ಪರ್ಮಿಟ್ ಬಂದರೆ ಗೈಡ್ ಇಲ್ಲದೆ ಹೋಗುವ ಹಕ್ಕು ನಿಮಗಿದೆ. ಆಶ್ರಯತಾಣದ ಬಾಡಿಗೆ ಗುಡಿಸಲುಗಳೂ ಇವೆ.

ಆದರೂ ನಾನು ಗೈಡ್‌ಗೆ ಹಣ ಕೊಡಿ ಎನ್ನುವ ಏಕೈಕ ಜಾಗ ಇದು. ಕಾರಣ, ಅಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಕರಡಿಯೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಒಂದು ಕೆಟ್ಟ ಗುಂಡು, ರಕ್ತದ ನಾಲ್ಕು ಹನಿ, ಅಲ್ಲಿಗೆ ನಿಮ್ಮ ಬೇಟೆ ಮುಗಿಯಿತು. ಮತ್ತೆ ಲಾಟರಿ ಹತ್ತುವುದು ಯಾವಾಗಲೋ. ಗಾಯಗೊಂಡ ಕರಡಿಯನ್ನು ಆಲ್ಡರ್ ಪೊದೆಯಲ್ಲಿ ಹುಡುಕಿಕೊಂಡು ಹೋಗಲು ಎರಡನೆಯ ಬಂದೂಕು, ತಣ್ಣನೆಯ ತಲೆ ಎರಡೂ ಬೇಕು. ನನ್ನಲ್ಲಿ ಆ ತಣ್ಣನೆಯ ತಲೆ ಇಲ್ಲವೆಂದು ಆ ಜಲ್ಲಿದಿಬ್ಬದಲ್ಲೇ ತಿಳಿಯಿತು.

ನಾನು ಆರಿಸಿಕೊಂಡದ್ದು

ಕಪ್ಪು ಕರಡಿ, ದೋಣಿಯಿಂದ, ವಿಟಿಯರ್ ಬಂದರಿನಿಂದ ಹೊರಟು. ಮೊದಲ ಕರಡಿಗೆ ಆಂಕರೇಜಿನವರಿಗೆ ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತೇನೆ. ರಸ್ತೆಯಲ್ಲೇ ಹೋಗಬಹುದು, ಎರಡೂವರೆ ಮೈಲಿಯ ಸುರಂಗವೊಂದನ್ನು ದಾಟಿ. ಒಂದೇ ಪಥ, ರೈಲಿಗೂ ಕಾರಿಗೂ ಅದೇ ದಾರಿ. ಸರದಿಯ ವೇಳೆ ತಪ್ಪಿಸಿಕೊಂಡರೆ ಕಾಯುತ್ತ ಕೂರಬೇಕು. ಮೇ ತಿಂಗಳಲ್ಲಿ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯ ದಡಗಳಲ್ಲಿ ಎಳೆಹುಲ್ಲು ಚಿಗುರುತ್ತದೆ, ಹಿಮದ ಮೇಲಿಂದ ಕರಡಿಗಳು ಅದಕ್ಕೆ ಇಳಿಯುತ್ತವೆ. ದೋಣಿಯಿಂದ ದುರ್ಬೀನಿನಲ್ಲಿ ದಡ ದಡ ನೋಡುತ್ತ ಹೋಗುವುದು. ಗುಂಡು ಹಾರಿಸಲು ದಡಕ್ಕಿಳಿಯುವುದೇ ಮೇಲು. ದೋಣಿಯಿಲ್ಲದವರಿಗೆ ಟ್ರಾನ್ಸ್‌ಪೋರ್ಟರ್ ದೋಣಿಗಳಿವೆ. ಪರ್ಮಿಟ್‌ನ ಬಗೆ, ಋತುವಿನ ಕೊನೆಯ ದಿನ ಇವೆಲ್ಲ ಬದಲಾಗುತ್ತಿರುತ್ತವೆ, ಆ ವರ್ಷದ ನಿಯಮ ಪುಸ್ತಕವನ್ನೇ ನೋಡಿ. ಅದರ ವರ್ಷ ಶುರುವಾಗುವುದು ಜುಲೈ 1ಕ್ಕೆ.

ವಸಂತದ ಕಪ್ಪು ಕರಡಿಯ ಮಾಂಸವನ್ನು ತರಲೇಬೇಕು. ಕಂದು ಕರಡಿಯದಕ್ಕೆ ಸಾಮಾನ್ಯವಾಗಿ ಆ ಕಡ್ಡಾಯವಿಲ್ಲ, ಚರ್ಮ ತಲೆಬುರುಡೆ ತಂದರೆ ಸಾಕು. ಹಾಗಾಗಿ ಇದೊಂದೇ ಬೇಟೆಯಲ್ಲಿ ಅಡುಗೆಮನೆಗೂ ಪಾಲು. ಕೊತ್ತಂಬರಿ, ಮೆಣಸು, ಗಸಗಸೆ ಹುರಿದು ರುಬ್ಬಿ, ಮೂರು ಗಂಟೆ ಬೇಯಿಸುತ್ತೇನೆ. ಬೇಯಿಸುವುದರಲ್ಲಿ ಕರುಣೆ ತೋರಿಸಬೇಡಿ: ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲಾ ಹುಳುವಿರಬಹುದು, ಉತ್ತರದ ತಳಿ ಫ್ರೀಜರಿಗೂ ಜಗ್ಗದು. ಒಳಗಿನ ಶಾಖ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು.

ಊರಿನಿಂದ ತಮ್ಮನೋ ಭಾವನೋ ಬಂದಾಗ ಕರೆದುಕೊಂಡು ಹೋಗಬಹುದೇ ಎಂದು ಕೇಳುವವರಿದ್ದಾರೆ. ಬಂದೂಕು ಕೊಟ್ಟಲ್ಲ. ಭಾರತದ ಪಾಸ್‌ಪೋರ್ಟಿನಲ್ಲಿ ಬಂದವನಿಗೆ ನಿವಾಸಿ ಸಂಬಂಧಿಯ ದಾರಿ ತೆರೆದಿಲ್ಲ. ಕಪ್ಪು ಕರಡಿಗೂ ಗೈಡ್ ಬೇಕು, ಪರವಾನಗಿಯೇ 630 ಡಾಲರ್. ದುರ್ಬೀನು ಕೊಟ್ಟು ಕೂರಿಸಿ, ಅಡ್ಡಿಯಿಲ್ಲ. ಚರ್ಮವನ್ನು ಊರಿಗೆ ಒಯ್ದು ಹಜಾರದಲ್ಲಿ ಹಾಸುವ ಕನಸೂ ಬೇಡ. ಇಲ್ಲಿಂದ ಹೊರಗೆ ಸಾಗಿಸಲು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿ ಬೇಕು, ಭಾರತದ ಸುಂಕದ ಕಟ್ಟೆಯಲ್ಲಿ ಅದಕ್ಕಿಂತ ದೊಡ್ಡ ಗೋಡೆ. ನಮ್ಮಲ್ಲಿ ಕರಡಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ; ಹಂಪಿಯ ಬಳಿ, ಊರಿನ ನಮ್ಮ ಮನೆಯಿಂದ ದೂರವಲ್ಲದ ದರೋಜಿಯಲ್ಲಿ 1994ರಿಂದ ಅದಕ್ಕೆಂದೇ ಒಂದು ಧಾಮವಿದೆ. ಕರಡಿ ಹೊಡೆದ ಸುದ್ದಿಯನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಬಂದ ಪ್ರಶ್ನೆ: “ಕಿಷ್ಕಿಂಧೆಯಲ್ಲಿ ಹುಟ್ಟಿ ಜಾಂಬವಂತನಿಗೆ ಗುಂಡು ಹೊಡೆದೆಯಾ?” ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಕೊನೆಯ ಕೆಲಸ ಇಲಾಖೆಯ ಕಚೇರಿಯಲ್ಲಿ. ಕೊಂದ 30 ದಿನಗಳೊಳಗೆ ಚರ್ಮ, ತಲೆಬುರುಡೆಗೆ ಸೀಲು ಹಾಕಿಸಬೇಕು. ಗಂಡೋ ಹೆಣ್ಣೋ ಎಂಬ ಗುರುತು ಚರ್ಮದಲ್ಲಿ ಉಳಿದಿರಬೇಕು. ಬುರುಡೆಯನ್ನು ಹೆಪ್ಪುಗಟ್ಟಿದಂತೆಯೇ ಒಯ್ದು ಒಮ್ಮೆ ವಾಪಸು ಬಂದೆ. ಎರಡನೆಯ ಸಲ, ಕರಗಿದ ಬುರುಡೆಯ ದವಡೆಯನ್ನು ಸಿಬ್ಬಂದಿಯೊಬ್ಬರು ಬಿಡಿಸಿ, ವಯಸ್ಸು ತಿಳಿಯಲೆಂದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಹಲ್ಲನ್ನು ಕಿತ್ತು, ಸಣ್ಣ ಲಕೋಟೆಗೆ ಹಾಕಿದರು. “ಗೈಡ್ ಇದ್ದರೇ?” ಎಂದು ಕೇಳಿದರು. ಇಲ್ಲ ಎಂದೆ. ಅವರು ನಮೂನೆಯ ಆ ಚೌಕದಲ್ಲಿ ಗೆರೆ ಎಳೆದು ಮುಂದಿನವರನ್ನು ಕರೆದರು.